ಬ್ಯಾಟ್ ರಿಪೇರಿಗೆ ದಾವಣಗೆರೆಯ ಒಂದು ಚಿಕ್ಕ ಅಂಗಡಿ

ಮಳೆಗಾಲ ಬಂತೆಂದರೆ ದಾವಣಗೆರೆ ಕ್ಲಬ್‌ಗಳಲ್ಲಿ ಒಂದೇ ಜಗಳ: ಮುಂದಿನ ಸೀಸನ್‌ಗೆ ಎಡಗೈ ಸ್ಪಿನ್ನರ್ ಬೇಕೋ, ಇನ್ನೊಬ್ಬ ಕೀಪರ್ ಬೇಕೋ. ಕಿಟ್ ನೆನಪಾಗುವುದು ಹೈಸ್ಕೂಲ್ ಮೈದಾನದಲ್ಲಿ ಟೂರ್ನಮೆಂಟಿನ ಪೆಂಡಾಲ್ ಎದ್ದ ಮೇಲೆ! ಆಗ ಈ ಅಂಗಡಿಗೆ ಓಡಿ ಪ್ರಯೋಜನವಿಲ್ಲ. ಹಿಡಿಕೆ ಬದಲಿಸಿದರೆ ಅಂಟು ಪೂರ್ತಿ ಒಣಗಲು ಒಂದು ದಿನವಾದರೂ ಬೇಕು.

ಹಿಡಿಕೆ ಕೆಲಸ ಅಚ್ಚುಕಟ್ಟು. ಬ್ಲೇಡಿನ ವಿ ಆಕಾರದ ಕಚ್ಚಿನಲ್ಲಿ ಉಳಿದ ಹಳೇ ಅಂಟನ್ನೆಲ್ಲ ಕೆರೆದು ತೆಗೆದೇ ಹೊಸದು ಹಚ್ಚಿ, ಕ್ಲ್ಯಾಂಪ್ ಹಾಕಿ ಬಿಡುತ್ತಾರೆ. ಹಳೆಯದರ ಮೇಲೇ ಬಳಿದರೆ ನಾಲ್ಕು ಯಾರ್ಕರ್ ತಡೆಯುವಷ್ಟರಲ್ಲಿ ಹಿಡಿಕೆ ಕಟಕಟ ಅನ್ನುತ್ತದೆ.

ಎಣ್ಣೆ ವಿಚಾರದಲ್ಲಿ ಮಾತ್ರ ಅಂಗಡಿಯವರ ಕೈ ತೀರಾ ಧಾರಾಳ. ಇಂಗ್ಲಿಷ್ ವಿಲೋ ಮರದ ಬ್ಯಾಟಿಗೆ ಕಾಯಿಸದ ಅಗಸೆ ಎಣ್ಣೆ ಒಂದು ಸಲಕ್ಕೆ ಒಂದು ಟೀ ಚಮಚ ಸಾಕು. ತೆಳ್ಳಗೆ ಒರೆಸಿ ರಾತ್ರಿಯಿಡೀ ಅಡ್ಡ ಮಲಗಿಸಬೇಕು. ಜಾಸ್ತಿಯಾದರೆ ಬ್ಯಾಟ್ ಭಾರವಾಗಿ ಚೆಂಡು ಪುಟಿಯುವುದಿಲ್ಲ, ಹಿಡಿಕೆಯ ಕೂಡಿಕೆಗೆ ಇಳಿದರೆ ಅಂಟೇ ಸಡಿಲ. ಮುಖಕ್ಕೆ ಪ್ಲಾಸ್ಟಿಕ್ ಶೀಟ್ ಅಂಟಿಸಿದ್ದರೆ ಅಲ್ಲಿ ಎಣ್ಣೆಯೇ ಬೇಡ. "ಅಣ್ಣಾ, ಎಣ್ಣೆ ನಾವೇ ಹಚ್ಕೋತೀವಿ" ಅಂತ ಕೊಡುವಾಗಲೇ ಹೇಳಿಬಿಡಿ.

ನಾಕಿಂಗ್, ಅಂದರೆ ಹೊಸ ಬ್ಯಾಟನ್ನು ಬಡಿದು ಹದ ಮಾಡುವ ಕೆಲಸ, ಇಲ್ಲಿ ಯಂತ್ರದಲ್ಲಿ. ಮುಖವೇನೋ ಹದವಾಗುತ್ತದೆ, ಅಂಚು ಹಸಿಯೇ ಉಳಿಯುತ್ತದೆ. ಅದನ್ನು ಮರದ ಸುತ್ತಿಗೆಯಿಂದ 45 ಡಿಗ್ರಿ ಓರೆಯಲ್ಲಿ ಮೆಲ್ಲಗೆ ಬಡಿದು ದುಂಡಗೆ ಮಾಡಿಕೊಳ್ಳಬೇಕು. ಕೀಪಿಂಗ್ ಗ್ಲೌಸ್ ಕೇಳಲೇಬೇಡಿ, ಇಟ್ಟಿರುವುದೆಲ್ಲ ಹುಡುಗರ ಸೈಜು.