ಕಲಬುರಗಿಯ ಬಿಸಿಲಿನಲ್ಲಿ ಕಾರಿನ ಬಣ್ಣ: ಕೈಪಿಡಿಯ ಆರೈಕೆಯೋ, ಸೆರಾಮಿಕ್ ಕೋಟಿಂಗೋ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹೊಸ ಕಾರು ಕೊಂಡವರಿಗೆ ಶೋರೂಮಿನಲ್ಲೇ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ತೆಳುವಾದ ರಕ್ಷಣಾ ಪದರ) ಮಾಡಿಸಿಕೊಳ್ಳುವ ಸಲಹೆ ಬರುತ್ತದೆ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಕೇಳುವುದು ಇದಕ್ಕಿಂತ ಸರಳ: ನೆರಳಿನಲ್ಲಿ, ಬಾನೆಟ್ ತಣ್ಣಗಾದ ಮೇಲೆ, ಕಾರಿಗೆಂದೇ ಇರುವ ಸೌಮ್ಯ ಶಾಂಪೂವಿನಿಂದ ತೊಳೆಯುವುದು, ಹಕ್ಕಿಯ ಹಿಕ್ಕೆಯನ್ನು ಕೂಡಲೇ ತೆಗೆಯುವುದು, ಆಗಾಗ ವ್ಯಾಕ್ಸ್ ಹಚ್ಚುವುದು.

ಸಿಲಿಕಾ ಆಧಾರಿತವಾದ ಈ ಸೆರಾಮಿಕ್ ಕೋಟಿಂಗ್ ವ್ಯಾಕ್ಸಿಗಿಂತ ಹೆಚ್ಚು ಕಾಲ ಬಾಳುತ್ತದೆ, ನೀರು ಮತ್ತು ಕೊಳೆಯನ್ನು ಬೇಗ ಜಾರಿಸುತ್ತದೆ. ಆದರೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಆ ಪದರ ಹೆದ್ದಾರಿಯಲ್ಲಿ ಸಿಡಿಯುವ ಕಲ್ಲನ್ನು ತಡೆಯಲಾರದು. ಅದಕ್ಕೆ ಬೇಕಾದದ್ದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್, ಅದರ ಬೆಲೆಯೂ ಹಾಗೆಯೇ ಹೆಚ್ಚು.

ನಮ್ಮಲ್ಲಿ ಬಣ್ಣದ ನಿಜವಾದ ಶತ್ರು ಧೂಳು. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳು ಇಬ್ಬನಿಯಲ್ಲಿ ನೆನೆದರೆ ಗಟ್ಟಿಯಾಗಿ ಅಂಟುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಕೋಟಿಂಗ್ ಇದ್ದರೂ ಗೀರು ತಪ್ಪದು. ಬೋರ್‌ವೆಲ್ಲಿನ ಗಡಸು ನೀರು ಬಿಸಿಲಲ್ಲಿ ಒಣಗಿದರೆ ಕೋಟಿಂಗ್ ಮೇಲೂ ಬಿಳಿ ಕಲೆ ಉಳಿಯುತ್ತದೆ.

ಮನೆಯಲ್ಲಿ ಶೆಡ್ ಇದ್ದು, ಕಾರನ್ನು ತಾವೇ ತೊಳೆಯುವವರಿಗೆ ಕೈಪಿಡಿಯ ದಾರಿಯೇ ಸಾಕೆಂದು ನನ್ನ ಅಭಿಪ್ರಾಯ. ದಿನವಿಡೀ ಬಯಲಿನಲ್ಲಿ ನಿಲ್ಲಿಸುವವರು ಕೋಟಿಂಗ್ ಮಾಡಿಸಬಹುದು, ಆದರೆ ಅದಕ್ಕೆ ಮೊದಲು ನಡೆಯುವ ಪಾಲಿಶ್ ಬಣ್ಣದ ಮೇಲ್ಪದರವನ್ನು ಸ್ವಲ್ಪ ಸವೆಸುವುದರಿಂದ, ಬಣ್ಣದ ವಾರಂಟಿಯ ಷರತ್ತುಗಳನ್ನು ಮುಂಚೆಯೇ ಓದಿಕೊಳ್ಳಬೇಕು.