ಹಳದಿ ಮಲ್ಟಿಮೀಟರ್ ಡಿಟಿ-830ಡಿ: ಕಲಿಕೆಗೆ ಸಾಕು, ಗೋಡೆಯ ಸಾಕೆಟ್ಟಿಗೆ ಬೇಡ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವೋಲ್ಟೇಜ್, ಕರೆಂಟು, ರೆಸಿಸ್ಟೆನ್ಸ್ ಅಳೆಯುವ ಅಗ್ಗದ ಮಲ್ಟಿಮೀಟರ್ ಕೇಳಿದವರ ಕೈಗೆ ಸಾಮಾನ್ಯವಾಗಿ ಬರುವುದು ಡಿಟಿ-830ಡಿ. ಒಂದೇ ಅಚ್ಚಿನ ಈ ಮೀಟರು ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಕವಚದ ಮೇಲಿನ ಹೆಸರಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. 1999ರವರೆಗೆ ಅಂಕಿ ತೋರಿಸುವ ಪರದೆ, ಕೈಯಿಂದಲೇ ತಿರುಗಿಸಿ ರೇಂಜ್ (ಅಳತೆಯ ಗರಿಷ್ಠ ಮಿತಿ) ಆರಿಸಬೇಕಾದ ಗುಂಡಿ, ಒಳಗೊಂದು 9 ವೋಲ್ಟ್ ಬ್ಯಾಟರಿ, ಇಷ್ಟೇ ಇದರ ಸಂಸಾರ. ಅಳತೆ ರೇಂಜನ್ನು ಮೀರಿದರೆ ಎಡಬದಿಯಲ್ಲಿ ಒಂಟಿ 1 ಕಾಣಿಸುತ್ತದೆ. ರೇಂಜನ್ನು ತಾನೇ ಆರಿಸಿಕೊಳ್ಳುವ ಮೀಟರಿಗಿಂತ ಹೊಸದಾಗಿ ಕಲಿಯುವವರಿಗೆ ಇದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಎಷ್ಟು ಬರಬಹುದೆಂದು ಮೊದಲೇ ಅಂದಾಜಿಸದೆ ಇಲ್ಲಿ ಅಳೆಯಲಾಗುವುದಿಲ್ಲ.

9 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್ ಮತ್ತು ಕೆಂಪು ಎಲ್‌ಇಡಿ ಇರುವ ಸರಳ ಸರ್ಕೀಟನ್ನು ತೆಗೆದುಕೊಳ್ಳೋಣ. ಎಲ್‌ಇಡಿಯ ಎರಡು ತುದಿಗಳ ನಡುವೆ ಸುಮಾರು 2 ವೋಲ್ಟ್, ರೆಸಿಸ್ಟರಿನ ಮೇಲೆ ಸುಮಾರು 7 ವೋಲ್ಟ್ ಸಿಗುತ್ತದೆ. ಓಮನ ನಿಯಮದಂತೆ (ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ) ಕರೆಂಟು 14.9 ಮಿಲಿಆಂಪಿಯರ್. ಸರ್ಕೀಟನ್ನು ಒಂದೆಡೆ ಬಿಡಿಸಿ, 20 ಮಿಲಿಆಂಪಿಯರ್ ರೇಂಜಿನಲ್ಲಿ ಮೀಟರನ್ನು ಸರಣಿಯಲ್ಲಿ ಸೇರಿಸಿದರೆ ಅಂಕಿ ತುಸು ಇಳಿದು 14.6ರ ಆಸುಪಾಸಿಗೆ ಬರುತ್ತದೆ. ಇದು ಮೀಟರಿನ ದೋಷವಲ್ಲ. ಆ ರೇಂಜಿನಲ್ಲಿ ಅದರೊಳಗಿನ ಸುಮಾರು 10 ಓಮ್ ರೆಸಿಸ್ಟೆನ್ಸ್ ಕೂಡ ಸರ್ಕೀಟಿಗೆ ಸೇರಿಕೊಂಡಿರುತ್ತದೆ.

ನಿಜವಾದ ಮಿತಿ ಕಾಣಿಸುವುದು ವೋಲ್ಟೇಜ್ ಅಳೆಯುವಾಗ. ಒಳ್ಳೆಯ ಡಿಜಿಟಲ್ ಮೀಟರುಗಳ ಇನ್‌ಪುಟ್ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್ ಇದ್ದರೆ ಇದರದ್ದು ಕೇವಲ 1 ಮೆಗಾಓಮ್. ಇದು ಕಡಿಮೆಯಿದ್ದಷ್ಟೂ ಮೀಟರಿನ ಮೂಲಕವೇ ಹೆಚ್ಚು ಕರೆಂಟು ಹರಿದು, ಅಳೆಯುವ ವೋಲ್ಟೇಜೇ ಇಳಿಯುತ್ತದೆ. ತಲಾ 1 ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿಟ್ಟು 9 ವೋಲ್ಟ್ ಕೊಟ್ಟರೆ ಒಂದೊಂದರ ಮೇಲೂ 4.5 ವೋಲ್ಟ್ ಇರಬೇಕು. ಈ ಮೀಟರು ತೋರಿಸುವುದು 3 ವೋಲ್ಟ್. 10 ಮೆಗಾಓಮಿನ ಮೀಟರು ಅಲ್ಲಿಯೇ ಸುಮಾರು 4.3 ತೋರಿಸುತ್ತದೆ. ಕಿಲೋಓಮ್ ಲೆಕ್ಕದ ಸಾಮಾನ್ಯ ಸರ್ಕೀಟುಗಳಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ, ಆದರೆ ಕಾಲೇಜಿನ ಪ್ರಾಜೆಕ್ಟಿನಲ್ಲಿ ಸೆನ್ಸರ್ ಹಿಡಿದು ಕೂತವರು ಇದನ್ನು ತಿಳಿಯದಿದ್ದರೆ ಇಲ್ಲದ ದೋಷವನ್ನು ಹುಡುಕುತ್ತಾ ಸಂಜೆ ಕಳೆಯಬೇಕಾಗುತ್ತದೆ.

ಜೊತೆಗೆ ಬರುವ ವೈರುಗಳು ತೆಳ್ಳಗಿದ್ದು, ಪ್ರೋಬಿನ (ಸರ್ಕೀಟಿಗೆ ತಾಗಿಸುವ ಚೂಪು ಕಡ್ಡಿಯ) ಬುಡದಲ್ಲಿ ಬೇಗ ಸಡಿಲಗೊಳ್ಳುತ್ತವೆ. ಬೇರೆ ಜೋಡಿ ಕೊಳ್ಳುವುದು ಒಳ್ಳೆಯದು. 200 ಓಮ್ ರೇಂಜಿನಲ್ಲಿ ಎರಡು ಪ್ರೋಬುಗಳನ್ನು ತಾಗಿಸಿದಾಗ ಬರುವ ಅಂಕಿಯನ್ನು ಮುಂದಿನ ಅಳತೆಯಿಂದ ಕಳೆಯಬೇಕು, ಮತ್ತು ರೆಸಿಸ್ಟೆನ್ಸ್ ಅಳೆಯುವಾಗ ಸರ್ಕೀಟಿನ ಪವರ್ ತೆಗೆದಿರಲೇಬೇಕು. ಬ್ಯಾಟರಿ ತೀರಾ ಇಳಿದಾಗ ಮೀಟರು ವೋಲ್ಟೇಜನ್ನು ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ, ಹಾಗಾಗಿ ಪರದೆಯ ಬ್ಯಾಟರಿ ಚಿಹ್ನೆಯನ್ನು ಕಡೆಗಣಿಸಬಾರದು. ಏಸಿ ಕರೆಂಟು ಅಳೆಯುವ ಸೌಲಭ್ಯ ಇದರಲ್ಲಿಲ್ಲ.

ಗುಂಡಿಯ ಸುತ್ತ ಏಸಿ 750 ವೋಲ್ಟ್ ಎಂದು ಅಚ್ಚಾಗಿದ್ದರೂ ಮನೆಯ 230 ವೋಲ್ಟ್ ಸಾಕೆಟ್ಟಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. 10 ಆಂಪಿಯರ್ ಕಿಂಡಿಗೆ ಫ್ಯೂಸೇ ಇಲ್ಲ. ಕೆಂಪು ಪ್ರೋಬನ್ನು ಅಲ್ಲಿಯೇ ಬಿಟ್ಟು ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಹೊರಟರೆ ನೇರ ಶಾರ್ಟ್ ಸರ್ಕ್ಯೂಟೇ ಆಗುತ್ತದೆ. ಮನೆಯ ವೈರಿಂಗ್ ಕೆಲಸ ಮಾಡುವವರು ಸರಿಯಾದ ಫ್ಯೂಸುಗಳಿರುವ, ನಂಬಿಕಸ್ಥ ತಯಾರಕರ ಕ್ಯಾಟ್-3 ದರ್ಜೆಯ (ಕಟ್ಟಡದ ವೈರಿಂಗಿಗೆ ತಕ್ಕ ಸುರಕ್ಷತಾ ದರ್ಜೆ) ಮೀಟರಿಗೆ ಹಣ ಹಾಕಲಿ. ಬ್ಯಾಟರಿಯಲ್ಲಿ ನಡೆಯುವ ಸರ್ಕೀಟು, ಬ್ರೆಡ್‌ಬೋರ್ಡು (ಬೆಸುಗೆಯಿಲ್ಲದೆ ಸರ್ಕೀಟು ಜೋಡಿಸುವ ಹಲಗೆ), ಬೈಕಿನ 12 ವೋಲ್ಟ್ ವೈರಿಂಗುಗಳಿಗಾದರೆ ಈ ಹಳದಿ ಮೀಟರನ್ನು ಧಾರಾಳವಾಗಿ ಕೊಳ್ಳಬಹುದು.