ನಾನ್‌ಕಿಂಗ್ ಕಾರ್ಗೋ ಚಹಾ ಬಟ್ಟಲು, ಸಾಸರ್: ಕೊಳ್ಳುವ ಮುನ್ನ

ಚೀನಾದ ಹಳೆಯ ನೀಲಿ-ಬಿಳಿ ರಫ್ತು ಪಿಂಗಾಣಿಯನ್ನು ಮೊದಲ ಸಲ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಕಾಲದ ಬಗ್ಗೆ ಊಹೆಯೇ ಬೇಡ: ಚೀನಾದ ಕ್ಯಾಂಟನ್ ಬಂದರಿನಿಂದ ಹಾಲೆಂಡಿಗೆ ಹೊರಟಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗೆಲ್ಡರ್‌ಮಾಲ್ಸೆನ್ ಹಡಗು 1752ರ ಜನವರಿಯಲ್ಲಿ ಮುಳುಗಿತು. 1985ರಲ್ಲಿ ಮುಳುಗಿದ ಹಡಗುಗಳನ್ನು ಹುಡುಕುವ ಮೈಕೆಲ್ ಹ್ಯಾಚರ್ ತಂಡ ಮೇಲೆತ್ತಿದ ಅದರ ಸರಕು ಮರುವರ್ಷ 'ನಾನ್‌ಕಿಂಗ್ ಕಾರ್ಗೋ' ಎಂಬ ಹೆಸರಿನಲ್ಲಿ ಕ್ರಿಸ್ಟೀಸ್‌ನ ಆಮ್‌ಸ್ಟರ್‌ಡ್ಯಾಮ್ ಹರಾಜಿಗೆ ಬಂತು. ಒಟ್ಟು ಸುಮಾರು ಒಂದೂವರೆ ಲಕ್ಷ ಪಾತ್ರೆಗಳು. ಹಾಗಾಗಿ 'ಬಲು ಅಪರೂಪ' ಎಂದು ಬೆಲೆ ಏರಿಸುವವರನ್ನು ನಂಬಬೇಡಿ.

ಇವು ದಿನಬಳಕೆಗೆಂದು ಮಾಡಿದವು. ಕುಂಚ ಅವಸರದ್ದು, ಆದರೆ ಕೈ ಪಳಗಿದ್ದು. ಸಾಸರ್ ಅಂಚಿನ ಪಟ್ಟಿಯಲ್ಲಿ ಕುಂಚ ಎಲ್ಲಿ ಒಣಗಿ ಮತ್ತೆ ಬಣ್ಣಕ್ಕೆ ಅದ್ದಿದೆ ಎಂಬುದೂ ಕಾಣುತ್ತದೆ; ಆ ಜೀವಂತಿಕೆ ಅಚ್ಚೊತ್ತಿದ ನಕಲಿನಲ್ಲಿ ಸಿಗದು. ಕೋಬಾಲ್ಟ್ ನೀಲಿ ಗ್ಲೇಜಿನ (ಗಾಜಿನಂಥ ಹೊಳೆಯುವ ಲೇಪದ) ಅಡಿಯಲ್ಲಿರುವುದರಿಂದ ಸಮುದ್ರ ಅದನ್ನು ಮುಟ್ಟಿಲ್ಲ. ಇಮಾರಿ ಎಂಬ ಜಪಾನಿ ಬಣ್ಣದ ಶೈಲಿಯವುಗಳ ಕಥೆ ಬೇರೆ. ಕೆಂಪು, ಚಿನ್ನದ ಬಣ್ಣಗಳನ್ನು ಗ್ಲೇಜಿನ ಮೇಲೆ ಕಡಿಮೆ ಶಾಖದಲ್ಲಿ ಕೂಡಿಸಿದ್ದರಿಂದ ಉಪ್ಪುನೀರಿಗೆ ಅಳಿಸಿಹೋಗಿ, ಓರೆ ಬೆಳಕಿನಲ್ಲಿ ಬರೀ ನೆರಳು ಉಳಿದಿದೆ. ನೀಲಿ ಮಾತ್ರ ಇರುವುದನ್ನೇ ಆರಿಸಿ.

ಗುಣ ತೀರ್ಮಾನವಾಗುವುದು ಗ್ಲೇಜಿನಲ್ಲಿ. ಸಮುದ್ರತಳದ ಮರಳು ಉಜ್ಜಿದ ಪಾತ್ರೆ ಓರೆ ಬೆಳಕಿನಲ್ಲಿ ಮಂಕಾಗಿರುತ್ತದೆ. ಯಾವ ಪಾಲಿಶ್‌ನಿಂದಲೂ ಆ ಹೊಳಪು ಮರಳದು. ಆಮೇಲೆ ತಿರುಗಿಸಿ ತಳದ ಉಂಗುರ ನೋಡಿ: ಗ್ಲೇಜ್ ಇಲ್ಲದ ಅಂಚು ನಯವಾಗಿರಬೇಕು, ಗ್ಲೇಜ್ ಕೊನೆಯಾಗುವಲ್ಲಿ ಸಣ್ಣ ಕಿತ್ತಳೆ ಗೆರೆ ಇದ್ದರೆ ಒಳ್ಳೆಯ ಲಕ್ಷಣ. ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ನಾದದ ಬದಲು ಮೊಂಡು ಸದ್ದು ಬಂದರೆ ಸೀಳೋ ಅಂಟಿಸಿದ ತುಂಡೋ ಇದೆ. ಬಣ್ಣ ಬಳಿದು ಮುಚ್ಚಿದ ರಿಪೇರಿ ಬಹುಪಾಲು ಯುವಿ ಟಾರ್ಚಿಗೆ ಬೇರೆಯಾಗಿ ಹೊಳೆಯುತ್ತದೆ.

ಹರಾಜಿನ ಲಾಟ್ ಚೀಟಿ ಇದ್ದರೆ ಒಳ್ಳೆಯದು, ಆದರೆ ಅದೊಂದೇ ಸಾಕ್ಷಿಯಲ್ಲ. ಚೀಟಿಯನ್ನು ಕಿತ್ತು ಬೇರೆ ಪಾತ್ರೆಗೆ ಅಂಟಿಸಬಹುದು. ರಸೀದಿಯನ್ನೂ ಕೇಳಿ.

ಬೆಲೆ ಹೆಚ್ಚೆನಿಸಿದರೆ 1822ರಲ್ಲಿ ಮುಳುಗಿದ ಟೆಕ್ ಸಿಂಗ್ ಹಡಗಿನವು ಇವೆ. ಚೀನಾದ ದೆಹುವಾದ ಕುಂಬಾರಗೂಡುಗಳಲ್ಲಿ ಸುಟ್ಟ ಆ ಪಾತ್ರೆಗಳು ದಪ್ಪ, ಬಿಳುಪಿನಲ್ಲಿ ಬೂದು ಛಾಯೆ. ಚೆನ್ನಾಗಿವೆ, ಆದರೆ ಜಿಂಗ್‌ಡೆಜೆನ್ ಊರಿನಲ್ಲಿ ತಯಾರಾದ ನಾನ್‌ಕಿಂಗ್ ಪಾತ್ರೆಗಳ ತೆಳುವಿಗೆ ಸಮವಲ್ಲ.

ಸೀಳಿನ ಬಳಿ ಬಿಳಿ ಪುಡಿ ಕಂಡರೆ ಒಳಗೆ ಉಪ್ಪು ಉಳಿದಿದೆ ಎಂದರ್ಥ. ಅದು ಹರಳುಗಟ್ಟಿ ಗ್ಲೇಜನ್ನು ಎಬ್ಬಿಸುತ್ತದೆ. ರಿಪೇರಿಯಾಗದ ಪಾತ್ರೆಯಾದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಿರಿ. ಬ್ಲೀಚ್ ಬೇಡವೇ ಬೇಡ. ಸಾಸರನ್ನು ಗೋಡೆಗೆ ಹಾಕಲು ಸ್ಪ್ರಿಂಗ್ ತಂತಿ ಬಳಸಬೇಡಿ, ಅದರ ಬಿಗಿತಕ್ಕೆ ಅಂಚು ಚಕ್ಕೆ ಏಳುತ್ತದೆ.